ಅಪ್ಪನ ಪುಟ್ಟ .25 ಪಿಸ್ತೂಲು: ಜೇಬಿಗಾ, ಬೀರುವಿಗಾ?

ಪ್ರಶ್ನೆ: ನಾನು ಸಾಗರ ಕಡೆಯ ಅಡಿಕೆ ವ್ಯಾಪಾರಿ, ವಯಸ್ಸು 44. ಅಪ್ಪನಿಗೆ ಈಗ 73. ಅವರ ಹತ್ತಿರ ಲೈಸೆನ್ಸ್ ಇರುವ .25 ಬೋರಿನ, ಅಂದರೆ ಕಾಲಿಂಚು ಅಗಲದ ನಳಿಗೆಯ, ಪುಟ್ಟ ಪಿಸ್ತೂಲು ಇದೆ. ಬೆಲ್ಜಿಯಂನ ಎಫ್‌ಎನ್ ಕಂಪನಿಯದು, 1906ರ ಮಾದರಿ ಅಂತಾರೆ. ಹಿಂದೆ ಯಾರೋ ಎಸ್ಟೇಟ್ ಮಾಲೀಕರಿಂದ ಕೊಂಡದ್ದು. ಸುಗ್ಗಿಯ ಹೊತ್ತಿನಲ್ಲಿ ನಾನು ದುಡ್ಡು ಹಿಡಿದುಕೊಂಡು ರಾತ್ರಿ ಓಡಾಡಬೇಕಾಗುತ್ತದೆ. "ಇದನ್ನ ನೀನೇ ಇಟ್ಕೋ, ಜೇಬಲ್ಲಿ ಹಿಡಿಯುತ್ತೆ" ಅನ್ನುತ್ತಾರೆ ಅಪ್ಪ. ನನ್ನ ಹೆಸರಿಗೆ ಮಾಡಿಸಿಕೊಳ್ಳುವುದು ಹೇಗೆ? ಅಲ್ಲಿಯವರೆಗೆ ನಾನು ಒಯ್ಯಬಹುದಾ? ಇಲ್ಲ, ಇದನ್ನು ಮಾರಿ ಹೊಸ .32 ಅಥವಾ .22 ತೆಗೆದುಕೊಳ್ಳುವುದು ಒಳ್ಳೆಯದಾ?

ಉತ್ತರ: ನಿಮ್ಮ ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಅದು ಇವತ್ತೇ ನಿಮಗೆ ಗೊತ್ತಿರಬೇಕಾದದ್ದು. ನೀವು ಒಯ್ಯಬಾರದು. ಒಂದು ರಾತ್ರಿಗೂ ಬೇಡ, ಮನೆಯಿಂದ ಮಂಡಿಯವರೆಗೂ ಬೇಡ. ಲೈಸೆನ್ಸ್ ಇರುವುದು ಅಪ್ಪನ ಹೆಸರಿಗೆ. ಮನೆಯವರೆಲ್ಲರಿಗೂ ಅದು ಸೇರುವುದಿಲ್ಲ. 1959ರ ಆಯುಧ ಕಾಯ್ದೆಯ 3ನೇ ಕಲಂನಲ್ಲಿ ಒಂದು ಸಣ್ಣ ಸಡಿಲಿಕೆ ಇದೆ, ನಿಜ. ಲೈಸೆನ್ಸ್‌ದಾರರು ಜೊತೆಗಿದ್ದರೆ, ಅಥವಾ ಬರೆದುಕೊಟ್ಟರೆ, ಬೇರೆಯವರು ಆಯುಧವನ್ನು ಒಯ್ಯಬಹುದು. ಆದರೆ ಅದು ರಿಪೇರಿಗೆ, ಲೈಸೆನ್ಸ್ ನವೀಕರಣಕ್ಕೆ, ಇಲ್ಲವೇ ಆ ಲೈಸೆನ್ಸ್‌ದಾರರೇ ಬಳಸಲಿಕ್ಕೆ ಮಾತ್ರ. ಮಗ ತನ್ನ ರಕ್ಷಣೆಗೆ ಜೇಬಿಗೆ ಹಾಕಿಕೊಳ್ಳುವುದು ಅದರಲ್ಲಿ ಬರುವುದಿಲ್ಲ. ಸಿಕ್ಕಿಬಿದ್ದರೆ ಅದು ಲೈಸೆನ್ಸ್ ಇಲ್ಲದ ಆಯುಧ ಇಟ್ಟುಕೊಂಡ ಅಪರಾಧ. 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು. ಅಪ್ಪನ ಲೈಸೆನ್ಸೂ ಹೋಗುವ ಸಾಧ್ಯತೆ ಇದೆ.

ಇನ್ನು ಹೆಸರು ಬದಲಾವಣೆ. ಇದು ನೀವು ಅಂದುಕೊಂಡಷ್ಟು ಕಷ್ಟದ್ದಲ್ಲ. 2016ರ ಆಯುಧ ನಿಯಮಗಳ 25ನೇ ನಿಯಮ ನಿಮ್ಮಂಥವರಿಗಾಗಿಯೇ ಇದೆ. ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದ್ದರೆ, ಅಥವಾ ಆಯುಧ ಅವರ ಬಳಿ 25 ವರ್ಷ ಇದ್ದಿದ್ದರೆ, ಅವರು ಬದುಕಿರುವಾಗಲೇ ತಮ್ಮ ವಾರಸುದಾರರ ಹೆಸರನ್ನು ಸೂಚಿಸಬಹುದು. ಅಪ್ಪನಿಗೆ 73 ಆಗಿದೆ, ಹಾಗಾಗಿ ದಾರಿ ತೆರೆದಿದೆ. ಆದರೆ ಲೈಸೆನ್ಸ್ ತಾನಾಗಿ ನಿಮ್ಮ ಕೈಗೆ ಬರುವುದಿಲ್ಲ. ನೀವು ಹೊಸ ಅರ್ಜಿದಾರರೇ. ಅರ್ಜಿ ಡಿಸಿ ಆಫೀಸಿಗೆ ಹೋಗುತ್ತದೆ, ಪೊಲೀಸ್ ವರದಿ ಆಗುತ್ತದೆ, ನಿಮಗೆ ಯಾಕೆ ಬೇಕು ಅಂತ ಕೇಳುತ್ತಾರೆ, ಆಯುಧವನ್ನು ಭದ್ರವಾಗಿ ಇಡುತ್ತೇನೆ ಅಂತ ನೀವು ಬರೆದುಕೊಡಬೇಕಾಗುತ್ತದೆ. ಅಣ್ಣ ತಮ್ಮ, ಅಕ್ಕ ತಂಗಿಯರಿದ್ದರೆ ಅವರ ಒಪ್ಪಿಗೆ ಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ. ಅಪ್ಪ ಇರುವಾಗ ಇದು ಒಂದು ಕಾಗದದ ಕೆಲಸ. ಅವರು ಹೋದ ಮೇಲೆ ಇದೇ ಕೆಲಸ ಮನೆಯವರಿಗೆ ತಲೆನೋವು, ಪಿಸ್ತೂಲು ಠೇವಣಿಯಲ್ಲಿ ಕೂತಿರುತ್ತದೆ. ಬೆಂಗಳೂರು, ಮೈಸೂರಿನಂಥ ಕಮಿಷನರೇಟ್ ಊರುಗಳಲ್ಲಿ ಅರ್ಜಿ ಪೊಲೀಸ್ ಕಮಿಷನರಿಗೆ ಹೋಗುತ್ತದೆ, ನಿಮಗೆ ಡಿಸಿ ಆಫೀಸೇ. ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ (ಅಲ್ಲಿನ ಹಳೆಯ ವಂಶಪಾರಂಪರ್ಯ ಜಮೀನಿನವರಿಗೆ) ಲೈಸೆನ್ಸಿನಿಂದ ವಿನಾಯಿತಿ ಇದೆ, ಈಗಿನ ಅಧಿಸೂಚನೆಯಂತೆ 2029ರವರೆಗೆ. ಅದನ್ನು ನೋಡಿ "ಮಲೆನಾಡಿಗೂ ಇರಬಹುದು" ಅಂತ ಕೆಲವರು ಅಂದುಕೊಂಡಿರುತ್ತಾರೆ. ಇಲ್ಲ.

ಈಗ ಪಿಸ್ತೂಲಿನ ವಿಷಯ. ನನಗೆ ಹೇಳಲು ಜಾಸ್ತಿ ಇರುವುದು ಇಲ್ಲೇ.

ನಿಮ್ಮ ಅಪ್ಪನ ಹತ್ತಿರ ಇರುವುದು ಚೆಂದದ ವಸ್ತು. ಜಾನ್ ಬ್ರೌನಿಂಗ್ ಮಾಡಿದ ವಿನ್ಯಾಸ. .25 ಗುಂಡನ್ನೂ ಅವನು ಇಂಥ ಪುಟ್ಟ ಪಿಸ್ತೂಲಿಗೆಂದೇ ರೂಪಿಸಿದ. ಉದ್ದ ಸುಮಾರು 11 ಸೆಂಟಿಮೀಟರ್, ತೂಕ 370 ಗ್ರಾಂ ಒಳಗೆ, ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ, ಅಂದರೆ ಮ್ಯಾಗಝಿನ್‌ನಲ್ಲಿ 6 ಗುಂಡು. ನೂರು ವರ್ಷದ ಹಿಂದೆ ಕೋಟಿನ ಒಳಜೇಬಿಗೆಂದು ಮಾಡಿದ್ದು. ಹೊರಗೆ ಕಾಣುವ ಕುದುರೆ (ಗುಂಡಿಗೆ ಪೆಟ್ಟು ಕೊಡುವ ಸುತ್ತಿಗೆ) ಇಲ್ಲ. ಒಳಗೆ ಒಂದು ಸ್ಟ್ರೈಕರ್, ಅಂದರೆ ಗುಂಡಿನ ತಳಕ್ಕೆ ಕುಟ್ಟುವ ಮೊಳೆ, ಇರುತ್ತದೆ. ಚೇಂಬರಿಗೆ, ಅಂದರೆ ನಳಿಗೆಯ ಹಿಂತುದಿಯ ಗೂಡಿಗೆ, ಗುಂಡು ಹಾಕಿದ ಕ್ಷಣದಿಂದ ಆ ಸ್ಟ್ರೈಕರ್ ಸ್ಪ್ರಿಂಗ್ ಪೂರ್ತಿ ಬಿಗಿದುಕೊಂಡೇ ಇರುತ್ತದೆ. ಅದನ್ನು ತಡೆದಿರುವುದು ಒಂದು ಚಿಕ್ಕ ಉಕ್ಕಿನ ಹಲ್ಲು. ಹಿಡಿಯ ಹಿಂಬದಿಯಲ್ಲಿ ಒತ್ತಿದರೆ ಮಾತ್ರ ಬಿಡುವ ಗ್ರಿಪ್ ಸೇಫ್ಟಿ ಇದೆ. ಶುರುವಿನ ಪಿಸ್ತೂಲುಗಳಲ್ಲಿ ಹೆಬ್ಬೆರಳಿನಿಂದ ಸರಿಸುವ ಸೇಫ್ಟಿ ಇರಲಿಲ್ಲ, ಆಮೇಲೆ ಬಂತು. ಆದರೆ ಈಗಿನ ಪಿಸ್ತೂಲುಗಳಲ್ಲಿ ಇರುವಂತೆ, ಟ್ರಿಗರ್ ಒತ್ತುವ ತನಕ ಸ್ಟ್ರೈಕರನ್ನೇ ಅಡ್ಡಗಟ್ಟಿ ಹಿಡಿಯುವ ತಡೆ ಇದರಲ್ಲಿ ಇಲ್ಲ. ಎಷ್ಟೋ ದಶಕ ಸವೆದ ಆ ಹಲ್ಲು, ಪಿಸ್ತೂಲು ಕಲ್ಲಿನ ಮೇಲೆ ಬಿದ್ದ ಪೆಟ್ಟಿಗೆ ಜಾರಲಾರದು ಅಂತ ನಾನು ಯಾರಿಗೂ ಭರವಸೆ ಕೊಡುವುದಿಲ್ಲ. ಅದಕ್ಕೇ ಆ ಕಾಲದ ಎಲ್ಲ ಜೇಬಿನ ಪಿಸ್ತೂಲುಗಳಿಗೂ ನನ್ನದು ಒಂದೇ ಮಾತು: ಚೇಂಬರ್ ಖಾಲಿ ಇರಲಿ.

ಚೇಂಬರ್ ಖಾಲಿ ಇಟ್ಟುಕೊಂಡರೆ ಬೇಕಾದಾಗ ಸ್ಲೈಡ್, ಅಂದರೆ ನಳಿಗೆಯ ಮೇಲೆ ಹಿಂದೆ ಮುಂದೆ ಜಾರುವ ಉಕ್ಕಿನ ಭಾಗ, ಎಳೆಯಬೇಕು. ಇಷ್ಟು ಚಿಕ್ಕ ಸ್ಲೈಡನ್ನು ಎರಡು ಬೆರಳಲ್ಲಿ ಹಿಡಿದು, ಬೆವರಿದ ಕೈಯಲ್ಲಿ, ಕತ್ತಲಲ್ಲಿ, ಎದುರಿಗೆ ಮಚ್ಚು ಹಿಡಿದವನಿದ್ದಾಗ ಎಳೆಯುವುದು ಸುಲಭದ ಮಾತಲ್ಲ. ಬೆರಳು ನಳಿಗೆಯ ಮುಂದೆ ಬರುವ ಅಪಾಯವೂ ಉಂಟು, ನಳಿಗೆ ಇರುವುದೇ 5 ಸೆಂಟಿಮೀಟರ್ ಚಿಲ್ಲರೆ. ಅಂದರೆ ಚೇಂಬರ್ ತುಂಬಿಸಿದರೆ ನಿಮಗೆ ಅಪಾಯ, ಖಾಲಿ ಬಿಟ್ಟರೆ ಸಮಯಕ್ಕೆ ಒದಗುವುದಿಲ್ಲ. ಜೇಬಲ್ಲಿ ಹಿಡಿಯುವಷ್ಟು ಚಿಕ್ಕದಾಗಿರುವುದಕ್ಕೇ ಅದನ್ನು ಬಳಸುವುದು ಕಷ್ಟ. ಗುರಿ ಹಿಡಿಯಲು ಮೇಲಿರುವ ಗುರುತುಗಳು ಹೆಸರಿಗಷ್ಟೇ ಇರುತ್ತವೆ, ಕಿರುಬೆರಳಿಗೆ ಹಿಡಿಯಲ್ಲಿ ಜಾಗವೇ ಇಲ್ಲ. ನಾಲ್ಕೈದು ಮೀಟರಿನ ಆಚೆಗೆ ಅಭ್ಯಾಸ ಇಲ್ಲದವರ ಗುಂಡು ಎಲ್ಲಿಗೆ ಹೋಗುತ್ತದೆ ಅಂತ ಹೇಳಲಾಗುವುದಿಲ್ಲ.

ಖಾಲಿ ಮಾಡುವ ಕ್ರಮವನ್ನು ಅಪ್ಪನ ಕೈಯಿಂದಲೇ, ಅವರ ಎದುರಿಗೇ ಕಲಿಯಿರಿ. ಮೊದಲು ಮ್ಯಾಗಝಿನ್ ಹೊರಗೆ. ಆಮೇಲೆ ಸ್ಲೈಡ್ ಹಿಂದಕ್ಕೆ. ಆಮೇಲೆ ಬೆಳಕಿಗೆ ಹಿಡಿದು ಚೇಂಬರ್ ನೋಡುವುದು, ಕಿರುಬೆರಳು ಹಾಕಿ ಮುಟ್ಟಿ ನೋಡುವುದು. ಈ ಕ್ರಮ ಅದಲು ಬದಲಾದರೆ ಏನಾಗುತ್ತದೆ ಗೊತ್ತಾ? ಮೊದಲು ಸ್ಲೈಡ್ ಎಳೆದಿರಿ ಅಂತ ಇಟ್ಟುಕೊಳ್ಳಿ. ಚೇಂಬರಿನ ಗುಂಡು ಹೊರಗೆ ಬಿತ್ತು, "ಖಾಲಿ ಆಯ್ತು" ಅಂದುಕೊಂಡಿರಿ. ಸ್ಲೈಡ್ ಮುಂದೆ ಹೋಗುವಾಗ ಮ್ಯಾಗಝಿನ್‌ನಿಂದ ಇನ್ನೊಂದನ್ನು ತಳ್ಳಿಕೊಂಡು ಹೋಗಿ ಚೇಂಬರಿನಲ್ಲಿ ಕೂರಿಸಿರುತ್ತದೆ. ಈಗ ಮ್ಯಾಗಝಿನ್ ತೆಗೆದು ಮೇಜಿನ ಮೇಲಿಟ್ಟಿರಿ. ನೋಡಿದವರಿಗೆಲ್ಲ ಅದು ಖಾಲಿ ಪಿಸ್ತೂಲು, ಒಳಗೆ ಗುಂಡಿದೆ. ಮ್ಯಾಗಝಿನ್ ತೆಗೆದರೆ ಟ್ರಿಗರ್ ಕೆಲಸ ಮಾಡದಂತಹ ಏರ್ಪಾಡು ಈ ಮಾದರಿಯ ಕೆಲವಲ್ಲಿ ಇದೆ, ಕೆಲವಲ್ಲಿ ಇಲ್ಲ. ಇದ್ದರೂ ಅದನ್ನು ನಂಬಿ ಕೂರಬೇಡಿ.

"ಜೇಬಲ್ಲಿ ಹಿಡಿಯುತ್ತೆ" ಅಂತ ಅಪ್ಪ ಹೇಳಿದ್ದು ಸರಿ. ಆದರೆ ಬರೀ ಜೇಬಿಗೆ ಹಾಕಿಕೊಳ್ಳುವುದನ್ನು ಕಾನೂನೂ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. 2016ರ ನಿಯಮಗಳ 32ನೇ ನಿಯಮದಂತೆ ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಹೋಲ್‌ಸ್ಟರಿನಲ್ಲಿ ಅಥವಾ ಅಂಥದೇ ಚೀಲದಲ್ಲಿ ಇರಬೇಕು, ನಿಮ್ಮ ಹತೋಟಿಯಲ್ಲಿ ಇರಬೇಕು. ಮದುವೆ, ಮೆರವಣಿಗೆ, ಜಾತ್ರೆಯಲ್ಲಿ ತೋರಿಸುವುದು, ಹಾರಿಸುವುದು ಪೂರ್ತಿ ನಿಷಿದ್ಧ. ಜೇಬಿಗೆಂದೇ ಮಾಡಿದ ಹೋಲ್‌ಸ್ಟರ್‌ಗಳು ಸಿಗುತ್ತವೆ. ಟ್ರಿಗರ್ ಪೂರ್ತಿ ಮುಚ್ಚುವಂಥದ್ದು, ಪಿಸ್ತೂಲು ತೆಗೆದಾಗ ತಾನು ಜೇಬಲ್ಲೇ ಉಳಿಯುವಂಥದ್ದು ಇರಬೇಕು. ಆ ಜೇಬಿನಲ್ಲಿ ಬೇರೇನೂ ಇರಕೂಡದು. ಬೈಕ್ ಕೀ, ಚಿಲ್ಲರೆ, ಪೆನ್ನು, ಯಾವುದೂ. ನಾನು ಶಸ್ತ್ರಾಗಾರದಲ್ಲಿ ಕೆಲಸ ಮಾಡುವಾಗ ಜೇಬಿನ ಪಿಸ್ತೂಲುಗಳನ್ನು ಬಿಚ್ಚಿದರೆ ಒಳಗೆ ಸಿಗುತ್ತಿದ್ದದ್ದು ಬಟ್ಟೆಯ ನೂಲು, ಹೊಗೆಸೊಪ್ಪಿನ ಪುಡಿ, ಅಡಿಕೆ ಚೂರು. ಸ್ಟ್ರೈಕರ್ ಓಡಾಡುವ ರಂಧ್ರದಲ್ಲಿ ಅದು ಎಣ್ಣೆಯ ಜೊತೆ ಸೇರಿ ಗಟ್ಟಿ ಅಂಟಾಗಿ ಕೂತಿರುತ್ತಿತ್ತು. ಅಂಥ ಪಿಸ್ತೂಲಿನ ಟ್ರಿಗರ್ ಎಳೆದರೆ "ಟಿಕ್" ಅನ್ನುತ್ತದೆ, ಅಷ್ಟೇ. ಎರಡು ವಾರಕ್ಕೊಮ್ಮೆಯಾದರೂ ಒರೆಸದ ಜೇಬಿನ ಪಿಸ್ತೂಲನ್ನು ನಾನು ಕೆಟ್ಟ ಪಿಸ್ತೂಲು ಅಂತಲೇ ಲೆಕ್ಕ ಹಾಕುತ್ತೇನೆ.

ನಿಮ್ಮ ಊರಿನ ಮಳೆಗಾಲ ಇದಕ್ಕೆ ದೊಡ್ಡ ಶತ್ರು. ಚರ್ಮದ ಹೋಲ್‌ಸ್ಟರ್ ಒಯ್ಯಲಿಕ್ಕೆ ಸರಿ, ಅದರಲ್ಲೇ ಇಟ್ಟು ಬೀರುವಿಗೆ ಹಾಕಬಾರದು. ಚರ್ಮ ತೇವ ಹಿಡಿದುಕೊಳ್ಳುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಗೆ ಬಿಟ್ಟರೆ ಸ್ಲೈಡಿನ ಮೇಲೆ ಹೋಲ್‌ಸ್ಟರಿನ ಆಕಾರಕ್ಕೇ ತುಕ್ಕು ಏಳುತ್ತದೆ. ತೆಳುವಾಗಿ ಎಣ್ಣೆ ಒರೆಸಿ, ಒಣ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬೀಗ ಇರುವ ಪೆಟ್ಟಿಗೆಯಲ್ಲಿ ಇಡಿ. ತೋಟಾಗಳ (ಗುಂಡುಗಳ) ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿದ್ದರೆ ಅವನ್ನು ಉಜ್ಜಿ ಹೊಳಪು ಮಾಡಿ ಮತ್ತೆ ತುಂಬಬೇಡಿ. ಬಂದೂಕಿನ ಅಂಗಡಿಯವರನ್ನು ಕೇಳಿ ಕ್ರಮವಾಗಿ ಒಪ್ಪಿಸಿ. ಮನೆಯಲ್ಲಿ ಮಕ್ಕಳಿದ್ದರೆ ಪಿಸ್ತೂಲು ಒಂದು ಕಡೆ, ತೋಟಾ ಇನ್ನೊಂದು ಕಡೆ, ಎರಡಕ್ಕೂ ಬೀಗ. ಇಷ್ಟು ಚಿಕ್ಕ ಪಿಸ್ತೂಲು ಮಕ್ಕಳ ಕಣ್ಣಿಗೆ ಆಟದ ಸಾಮಾನಿನ ಹಾಗೇ ಕಾಣುತ್ತದೆ. ಈ ಒಂದು ವಿಷಯದಲ್ಲಿ ನಿಮ್ಮ ಮನೆಯವರು ನಿಮ್ಮನ್ನು ಎಷ್ಟು ಪೀಡಿಸಿದರೂ ತಪ್ಪಿಲ್ಲ.

ಇನ್ನು ಗುಂಡುಗಳ ವಿಷಯ. .25ರ ಗುಂಡು 3 ಗ್ರಾಂ ಚಿಲ್ಲರೆ ತೂಕ, ನಳಿಗೆಯಿಂದ ಹೊರಡುವಾಗ ಅದರ ಶಕ್ತಿ 85-90 ಜೂಲ್ ಇರುತ್ತದೆ. ಪಿಸ್ತೂಲಿನ .32 ಅದಕ್ಕೆ ಸುಮಾರು ಎರಡು ಪಟ್ಟು, 170 ಜೂಲ್ ಆಸುಪಾಸು. ಪೊಲೀಸರ 9 ಎಂಎಂ 500ರ ಹತ್ತಿರ ಇರುತ್ತದೆ, ಆದರೆ ಅದು ನಮಗೆ ಸಿಗುವ ಬೋರ್ ಅಲ್ಲ, ನಿಷೇಧಿತ ಬೋರ್. ಈ ಅಂಕಿ ನೋಡಿ .25 ಅಂದರೆ ಆಟಿಕೆ ಅಂತ ಯಾರೂ ಅಂದುಕೊಳ್ಳಬಾರದು. ಅದು ಜೀವ ತೆಗೆಯುತ್ತದೆ. ತೊಂದರೆ ಏನೆಂದರೆ, ಗುಂಡು ತಗುಲಿದವನು ಅಲ್ಲೇ ನಿಲ್ಲುತ್ತಾನೆ ಅಂತ ಇಲ್ಲ. ಆವೇಶದಲ್ಲಿ ಇರುವವನು ತನಗೆ ಏಟು ಬಿದ್ದದ್ದು ಗೊತ್ತಾಗುವ ಮೊದಲೇ ನಿಮ್ಮ ಮೈಮೇಲೆ ಬಂದಿರುತ್ತಾನೆ, ಒಂದು ಗಂಟೆ ಬಿಟ್ಟು ಆಸ್ಪತ್ರೆಯಲ್ಲಿ ತೀರಿಕೊಳ್ಳುತ್ತಾನೆ. ನಿಮಗೆ ರಕ್ಷಣೆಯೂ ಸಿಗಲಿಲ್ಲ, ಒಂದು ಸಾವು ತಲೆಮೇಲೆ ಬಂತು. ಸಣ್ಣ ಬೋರಿನ ಬಗ್ಗೆ ನಾನು ಯಾರಿಗೆ ಹೇಳಿದರೂ ಇದನ್ನು ಬಿಡದೆ ಹೇಳುತ್ತೇನೆ.

ಮಾರಿ ಹೊಸದು ತೆಗೆದುಕೊಳ್ಳುವುದಾದರೆ ಆಯ್ಕೆ ಏನೇನಿದೆ? ಖಾಸಗಿಯವರು ಹೊರದೇಶದಿಂದ ತರಿಸುವುದು 1980ರ ದಶಕದಿಂದ ಹೆಚ್ಚುಕಮ್ಮಿ ನಿಂತೇಹೋಗಿದೆ, ಹಾಗಾಗಿ ನಿಮ್ಮ ಅಪ್ಪನದಂಥ ಹಳೆಯ ವಿದೇಶಿ ಪಿಸ್ತೂಲುಗಳಿಗೆ ಈಗಲೂ ಒಳ್ಳೆಯ ಬೆಲೆ ಇದೆ. ಹೊಸದು ಅಂದರೆ ಸಾಮಾನ್ಯವಾಗಿ ನಮ್ಮ ಸರ್ಕಾರಿ ಕಾರ್ಖಾನೆಗಳ ಮಾಲು. ಇಶಾಪುರದ "ಅಶನಿ" .32 ಪಿಸ್ತೂಲು. ಅಲ್ಲಿಯದೇ "ನಿಡರ್" .22 ರಿವಾಲ್ವರ್, ಬರೀ 250 ಗ್ರಾಂ ಆಸುಪಾಸು. ಕಾನ್ಪುರದಿಂದ 2014ರಲ್ಲಿ ಬಂದ "ನಿರ್ಭೀಕ್" .32 ರಿವಾಲ್ವರ್, ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು. 2023ರಲ್ಲಿ ಬಂದ "ಪ್ರಬಲ್" ರಿವಾಲ್ವರ್ ಇನ್ನೂ ಭಾರ, ಜೇಬಿನದಲ್ಲ, ಸೊಂಟದ್ದು.

.22 ಹಗುರ, ಒದೆತ ಕಮ್ಮಿ, ಅಭ್ಯಾಸಕ್ಕೆ ಬಹಳ ಒಳ್ಳೆಯದು. ಆದರೆ ಅದರ ಗುಂಡಿನಲ್ಲಿ ಕಿಡಿ ಹೊತ್ತಿಸುವ ಮಸಾಲೆ ತಳದ ಅಂಚಿನ ಸುತ್ತ ಇರುತ್ತದೆ. ಎಲ್ಲೋ ಒಂದು ಕಡೆ ಮಸಾಲೆ ಸರಿಯಾಗಿ ಹರಡಿಲ್ಲದಿದ್ದರೆ ಗುಂಡು ಹಾರುವುದಿಲ್ಲ. .32ರಲ್ಲಿ ಮಸಾಲೆ ತಳದ ನಡುವೆ ಬೇರೆ ಟೋಪಿಯಲ್ಲಿ ಇರುತ್ತದೆ, ಹಾಗಾಗಿ ನಂಬಿಕೆ ಜಾಸ್ತಿ. ಮತ್ತೆ, .22 ಸಣ್ಣದು ಅಂತ ಹತ್ತಿರವೇ ಬೀಳುವುದಿಲ್ಲ, ಮೇಲಕ್ಕೆ ಓರೆಯಾಗಿ ಹಾರಿಸಿದರೆ ಒಂದು ಕಿಲೋಮೀಟರಿಗಿಂತ ದೂರ ಹೋಗುತ್ತದೆ.

.32 ತೆಗೆದುಕೊಳ್ಳುವವರು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಬೇಕು. ಪಿಸ್ತೂಲಿನ .32 ಬೇರೆ, ರಿವಾಲ್ವರಿನ .32 ಬೇರೆ. ಪಿಸ್ತೂಲಿನದು .32 ಎಸಿಪಿ, ಗಿಡ್ಡ ತೋಟಾ. ರಿವಾಲ್ವರಿನದು .32 ಸ್ಮಿತ್ ಅಂಡ್ ವೆಸನ್ ಲಾಂಗ್, ಉದ್ದ ತೋಟಾ, ಅಗಲ ಅಂಚು. ಬಾಯಿಮಾತಿಗೆ ಎರಡೂ "ಪಾಯಿಂಟ್ ತರ್ಟಿಟೂ", ಹಾಗಾಗಿ ಅಂಗಡಿಯಲ್ಲಿ ಪೆಟ್ಟಿಗೆಯ ಮೇಲಿನ ಅಕ್ಷರ ಓದದೆ ದುಡ್ಡು ಕೊಡಬೇಡಿ. ಪಿಸ್ತೂಲಿನ .32ಕ್ಕೆ ಇನ್ನೂ ಒಂದು ಸ್ವಭಾವ ಇದೆ. ಅದರ ತಳದ ಅಂಚು ಸ್ವಲ್ಪ ಹೊರಗೆ ಚಾಚಿರುತ್ತದೆ. ಮ್ಯಾಗಝಿನ್ ತುಂಬುವಾಗ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಂಡರೆ ಪಿಸ್ತೂಲು ಅಲ್ಲೇ ಜಾಮ್. ಪ್ರತಿ ತೋಟಾದ ಅಂಚೂ ಕೆಳಗಿನದರ ಮುಂದೆ ಕೂರುವ ಹಾಗೆ ತುಂಬಬೇಕು.

ನಿಮಗೆ ನಾನು ಹೇಳುವುದು .32 ರಿವಾಲ್ವರ್. ಪಿಸ್ತೂಲಿನಷ್ಟು ಚಪ್ಪಟೆ ಅಲ್ಲ, ಜೇಬಲ್ಲಿ ಉಬ್ಬುತ್ತದೆ, ಸೊಂಟಕ್ಕೆ ಕಟ್ಟಬೇಕಾಗುತ್ತದೆ. ಆದರೂ ವ್ಯಾಪಾರದ ನಡುವೆ ಅಪರೂಪಕ್ಕೆ ಅಭ್ಯಾಸ ಮಾಡುವವರ ಕೈಗೆ ಅದೇ ಸರಿ. ಗುಂಡುಗಳು ಕೂರುವ, ತಿರುಗುವ ಸಿಲಿಂಡರ್ ತೆರೆದರೆ ತುಂಬಿದೆಯೋ ಖಾಲಿಯೋ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಒಂದು ಗುಂಡು ಹಾರದಿದ್ದರೆ ಮತ್ತೆ ಟ್ರಿಗರ್ ಎಳೆದರಾಯಿತು, ಮುಂದಿನದು ಬರುತ್ತದೆ. ಅಪ್ಪನ .25 ಗುಂಡುಗಳಾದರೋ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಸಿಕ್ಕರೆ ದುಬಾರಿ. ಅಭ್ಯಾಸಕ್ಕೆ ಖರ್ಚು ಮಾಡಲು ಮನಸ್ಸು ಬರುವುದಿಲ್ಲ. ಅಭ್ಯಾಸ ಮಾಡದ ಪಿಸ್ತೂಲು ಒಯ್ಯುವುದಕ್ಕಿಂತ ಬರಿಗೈಲಿ ಹೋಗುವುದು ವಾಸಿ.

ಅಭ್ಯಾಸ ಎಲ್ಲಿ ಅಂತ ಕೇಳುತ್ತೀರಿ. ಜಿಲ್ಲಾ ಪೊಲೀಸರು ಆಗಾಗ ನಾಗರಿಕ ಬಂದೂಕು ತರಬೇತಿ ಶಿಬಿರ ಮಾಡುತ್ತಾರೆ. ಅರ್ಜಿ ಹಾಕುವ ಮೊದಲೇ ಸೇರಿಕೊಳ್ಳಿ. ಅಲ್ಲಿ ಕಲಿಸುವುದು ರೈಫಲ್, ಆದರೂ ಕೈಗೆ ಶಿಸ್ತು ಬರುತ್ತದೆ. ಪ್ರಮಾಣಪತ್ರವೂ ಅರ್ಜಿಗೆ ಉಪಯೋಗ. ತೋಟದಲ್ಲಿ ಮರಕ್ಕೆ ಗುರಿಯಿಟ್ಟು ಹೊಡೆದು ಅಭ್ಯಾಸ ಮಾಡಬೇಡಿ. ಲೈಸೆನ್ಸ್‌ನಲ್ಲಿ ಬರೆದಷ್ಟೇ ಗುಂಡು ಸಿಗುವುದು, ಅವುಗಳಿಗೆ ಲೆಕ್ಕ ಕೊಡಬೇಕು. ನೋಡದೆ ಹೊಡೆದ ಗುಂಡು ಯಾರದೋ ಕೊಟ್ಟಿಗೆಗೆ ಹೋಗಿರುತ್ತದೆ.

ಇನ್ನು, ಒಯ್ಯುವುದು ಅಂದರೆ ಇಡೀ ದಿನ ಅದನ್ನು ಕಾಯುವುದು. ಇದನ್ನು ಯಾರೂ ಮೊದಲೇ ಯೋಚಿಸುವುದಿಲ್ಲ. ನಿಮ್ಮ ಓಡಾಟ ಬ್ಯಾಂಕಿಗೆ, ಕೋರ್ಟಿಗೆ, ಸರ್ಕಾರಿ ಆಫೀಸಿಗೆ, ಆಸ್ಪತ್ರೆಗೆ, ದೇವಸ್ಥಾನಕ್ಕೆ. ಇವುಗಳಲ್ಲಿ ಬಹಳಷ್ಟು ಕಡೆ ಪಿಸ್ತೂಲಿನ ಜೊತೆ ಒಳಗೆ ಬಿಡುವುದಿಲ್ಲ. ಆಗ ಏನು ಮಾಡುತ್ತೀರಿ? ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಟ್ಟು ಹೋಗುತ್ತೀರಿ. ಕಳ್ಳತನವಾಗಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಕಳೆದುಹೋದರೆ ಆ ಕ್ಷಣವೇ ಠಾಣೆಗೆ ದೂರು ಕೊಡಬೇಕು, ಅದರಿಂದ ಯಾರೋ ಏನೋ ಮಾಡಿದರೆ ಮೊದಲ ವಿಚಾರಣೆ ನಿಮ್ಮದೇ. ರಾತ್ರಿ ಊಟದ ಜೊತೆ ಗ್ಲಾಸು ಹಿಡಿಯುವ ಅಭ್ಯಾಸ ಇದ್ದರೆ ಆ ದಿನ ಪಿಸ್ತೂಲು ಮನೆಯಲ್ಲೇ. ಇದರಲ್ಲಿ ರಿಯಾಯಿತಿ ಇಲ್ಲ. ಚುನಾವಣೆ ಬಂದಾಗ ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಠೇವಣಿ ಇಡಲು ಹೇಳುತ್ತಾರೆ, ರಸೀದಿ ಜೋಪಾನ. ಪಕ್ಕದ ಜಿಲ್ಲೆಗೆ ಹೋಗುವುದಾದರೆ ಲೈಸೆನ್ಸ್ ಯಾವ ವ್ಯಾಪ್ತಿಗೆ ಇದೆ ಅಂತ ಮೊದಲು ನೋಡಿ.

ಗುಂಡು ಹಾರಿಸಬೇಕಾಗಿ ಬಂದರೆ? ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯ ಹಕ್ಕನ್ನು ಹೇಳುತ್ತವೆ. ಜೀವಕ್ಕೆ ಅಥವಾ ಭಾರೀ ಗಾಯಕ್ಕೆ ನಿಜವಾದ ಭಯ ಇದ್ದಾಗ, ದರೋಡೆಯಂಥ ಕೆಲವು ಸಂದರ್ಭಗಳಲ್ಲಿ, ಎದುರಾಳಿ ಸಾಯುವ ಮಟ್ಟಕ್ಕೂ ಆ ಹಕ್ಕು ಹೋಗುತ್ತದೆ. ಆದರೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಚೀಲ ಕಿತ್ತುಕೊಂಡು ಓಡಿಹೋಗುತ್ತಿರುವವನ ಬೆನ್ನಿಗೆ ಹೊಡೆದರೆ ಆತ್ಮರಕ್ಷಣೆ ಅಂತ ಸಾಬೀತು ಮಾಡುವುದು ಬಹಳ ಕಷ್ಟ. ಹೆದರಿಸಲು ಗಾಳಿಯಲ್ಲಿ ಹೊಡೆಯುವುದನ್ನೂ ನಾನು ಒಪ್ಪುವುದಿಲ್ಲ, ಮೇಲೆ ಹೋದ ಗುಂಡು ಎಲ್ಲೋ ಇಳಿಯಲೇಬೇಕು. ಇತರರ ಜೀವಕ್ಕೆ ಅಪಾಯವಾಗುವಂತೆ ಅಜಾಗರೂಕವಾಗಿ ಹಾರಿಸಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ, ಅಂತ 2019ರಲ್ಲಿ ಆಯುಧ ಕಾಯ್ದೆಗೆ ಸೇರಿಸಿದ್ದಾರೆ.

ದುಡ್ಡಿನ ವಿಷಯವಾಗಿ ಒಂದು ಮಾತು, ನನ್ನ ಕೆಲಸದ ಹೊರಗಿನದಾದರೂ. 2017ರ ಏಪ್ರಿಲ್‌ನಿಂದ ಆದಾಯ ತೆರಿಗೆ ಕಾನೂನಿನಂತೆ ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವಂತಿಲ್ಲ. ಬೆಳೆಗಾರರಿಗೆ ಖಾತೆಗೇ ಹಾಕಿ. ಉಳಿದ ನಗದನ್ನು ಹಗಲಲ್ಲಿ, ಇಬ್ಬರು ಸೇರಿ, ದಿನಕ್ಕೊಂದು ದಾರಿಯಲ್ಲಿ ಒಯ್ಯಿರಿ. ನಿಮ್ಮನ್ನು ತಡೆಯುವವರು ಯಾವಾಗ, ಯಾವ ತಿರುವಿನಲ್ಲಿ ಅಂತ ಮೊದಲೇ ಗೊತ್ತುಮಾಡಿಕೊಂಡಿರುತ್ತಾರೆ. ಸೀಟ್‌ಬೆಲ್ಟ್ ಹಾಕಿ ಕೂತವರು ಪ್ಯಾಂಟಿನ ಜೇಬಿನಿಂದ ಪಿಸ್ತೂಲು ತೆಗೆಯುವುದು ಎಷ್ಟು ಹೊತ್ತಿನ ಕೆಲಸ ಅಂತ, ಜೇಬಿಗೆ ಮೊಬೈಲ್ ಹಾಕಿಕೊಂಡು ಒಮ್ಮೆ ತೆಗೆದು ನೋಡಿ.

ಹಾಗಾಗಿ ನಿಮಗೆ ನಾನು ಹೇಳುವುದು ಇಷ್ಟು. ಅಪ್ಪನ ಹೆಸರಿನಿಂದ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಈಗಲೇ ಹಾಕಿ. 2019ರ ನಂತರ ಒಬ್ಬರಿಗೆ ಎರಡು ಆಯುಧದವರೆಗೆ ಅವಕಾಶ ಇದೆ, ಹಾಗಾಗಿ .25 ಉಳಿಸಿಕೊಂಡೇ ರಿವಾಲ್ವರ್ ಕೇಳಬಹುದು. ಆದರೆ ತೋಟಕ್ಕೆ ಕೋವಿ ಇದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಅಪ್ಪನ ಪಿಸ್ತೂಲನ್ನು ಜೇಬಿಗೆ ಬೇಡ, ಬೀರುವಿಗೆ ಇಡಿ, ಖಾಲಿಯಾಗಿ, ಬೀಗ ಹಾಕಿ. ಮಾರುವ ಮನಸ್ಸಾದರೆ ಲೈಸೆನ್ಸ್ ಇರುವ ಅಂಗಡಿಯವರನ್ನು ಕೇಳಿ. ಇನ್ನೊಬ್ಬ ಲೈಸೆನ್ಸ್‌ದಾರರಿಗೆ ನೇರವಾಗಿ ಮಾರುವುದಾದರೆ, ಕೊಳ್ಳುವವರ ಹೆಸರು ವಿಳಾಸ ಸಮೇತ ಡಿಸಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ, 45 ದಿನ ಕಳೆಯುವವರೆಗೆ ಕಾಯಬೇಕು. ಯಾವುದೇ ನಿರ್ಧಾರಕ್ಕೆ ಮೊದಲು ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಆ ಸ್ಟ್ರೈಕರ್ ತಡೆಯುವ ಹಲ್ಲು ಮತ್ತು ಗ್ರಿಪ್ ಸೇಫ್ಟಿ ಎರಡನ್ನೂ ಪರೀಕ್ಷೆ ಮಾಡಿಸಿ. ಪಿಸ್ತೂಲು ಹಿಡಿದು ಅಪ್ಪನೇ ಹೋಗಲಿ, ನೀವು ಜೊತೆಗೆ ಹೋಗಿ. ಅವರಿಗೆ ಆಗದಿದ್ದರೆ, ರಿಪೇರಿಗೆ ಅಂತ ಅವರ ಸಹಿ ಇರುವ ಪತ್ರವನ್ನೂ ಲೈಸೆನ್ಸ್ ಪುಸ್ತಕವನ್ನೂ ಹಿಡಿದು, ಗುಂಡುಗಳನ್ನು ಮನೆಯಲ್ಲೇ ಬಿಟ್ಟು, ನೇರ ಹೋಗಿ ನೇರ ಬನ್ನಿ.